ಕತ್ತಿ ಗುರುತು

ಆ ಕಚೇರಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಸಾಕ್ಷಿಯಮ್ಮ. ಯಾವ ಮನೆತನದಿಂದ ಯಾವ ಕಾಗದ ಬಂದರೂ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಅವಳು ಕೇಳುತ್ತಿದ್ದದ್ದು ಒಂದೇ ಮಾತು: "ಇದಕ್ಕೆ ಸಾಕ್ಷಿ ಎಲ್ಲಿ?" ಇಪ್ಪತ್ತೇಳು ವರ್ಷ ಅದನ್ನೇ ಕೇಳಿ ಕೇಳಿ ಆ ಹೆಸರು ಅಂಟಿಕೊಂಡಿತ್ತು. ಅವಳಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ.

ಕಚೇರಿಯಿಂದ ಹೊರಬರುತ್ತಿದ್ದದ್ದು ಒಂದೇ ಪುಸ್ತಕ, ಅದೂ ಐದು ವರ್ಷಕ್ಕೊಮ್ಮೆ. ಬಿರುದುಳ್ಳ ಮನೆತನಗಳ ಕೈಪಿಡಿ. ಮಲಗಿಸಿದರೆ ದಿಂಬಿನಷ್ಟು ಎತ್ತರ. ಯಾವ ಪ್ರಭುವಿಗೆ ಯಾರು ಮಗ, ಆ ಮಗನ ಹೆಂಡತಿ ಎಲ್ಲಿಯವಳು, ಬಿರುದು ಮುಂದೆ ಯಾರಿಗೆ ಹೋಗಬೇಕು, ದಾಯಾದಿಗಳು ಎಷ್ಟು ಜನ ಕಾದು ಕುಳಿತಿದ್ದಾರೆ, ಎಲ್ಲವೂ ಅದರಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಸಂಬಂಧ ಬೆಳೆಸುವವರು ಅದನ್ನು ನೋಡಿಯೇ ಮುಂದಿನ ಮಾತಾಡುತ್ತಿದ್ದರು. ಔತಣ ಕೊಡುವವರು ಯಾರನ್ನು ಯಾರ ಪಕ್ಕ ಕೂರಿಸಬೇಕೆಂದು ಅದರಿಂದಲೇ ತಿಳಿಯುತ್ತಿದ್ದರು. ನ್ಯಾಯಾಲಯದಲ್ಲಿ ವಕೀಲರು ಅದನ್ನು ಎತ್ತಿ ಹಿಡಿದರೆ ಎದುರಿನವರು ಬಾಯಿ ಮುಚ್ಚುತ್ತಿದ್ದರು. ಸತ್ತವರ ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಕತ್ತಿಯ ಗುರುತು ಬೀಳುತ್ತಿತ್ತು, ಅದರ ಮುಂದೆ ತಾರೀಕು ಮತ್ತು ಊರು. ಒಬ್ಬರಿಗೆ ಕತ್ತಿ ಹಾಕಬೇಕಾದರೆ ಎರಡು ಸಾಕ್ಷಿ ಬೇಕು ಎಂಬ ನಿಯಮ ತಂದವಳು ಸಾಕ್ಷಿಯಮ್ಮನೇ. ಹಿಂದೊಮ್ಮೆ ಬದುಕಿದ್ದ ಒಬ್ಬ ಸೇನಾಧಿಕಾರಿಗೆ ಕತ್ತಿ ಬಿದ್ದು, ಆತ ಮೀಸೆ ತಿರುವುತ್ತಾ ಮೆಟ್ಟಿಲು ಹತ್ತಿ ಬಂದಾಗ ಸಂಪಾದಕರು ಮೇಜಿನ ಹಿಂದೆ ಅವಿತುಕೊಳ್ಳುವುದೊಂದು ಬಾಕಿ. ಅಂದಿನಿಂದ ಆ ನಿಯಮ.

ಮನೆಯಲ್ಲಿ ಅವಳಿಗೆ ಇಂಥ ಗೌರವವೇನೂ ಇರಲಿಲ್ಲ. ಮದುವೆಯಾಗಲಿಲ್ಲ, ಅಣ್ಣನ ಮನೆಯಲ್ಲಿದ್ದಳು. ಊರವರ ಮುತ್ತಜ್ಜಂದಿರ ಹೆಸರೆಲ್ಲ ಇವಳಿಗೆ ಬಾಯಿಪಾಠ, ಒಲೆಯ ಮೇಲಿಟ್ಟ ಹಾಲು ಮಾತ್ರ ನೆನಪಿರುವುದಿಲ್ಲ ಎಂದು ಅತ್ತಿಗೆ ಬಂದವರೆದುರಿಗೆಲ್ಲ ಹೇಳಿ ನಗುತ್ತಿದ್ದಳು. ಸಾಕ್ಷಿಯಮ್ಮ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸಂಪಾದಕರಿಗೆ ವಯಸ್ಸಾಗಿತ್ತು, ಈ ಆವೃತ್ತಿ ಮುಗಿಸಿ ಅವರು ಹೊರಡುವವರಿದ್ದರು. ಅವರ ನಂತರ ಆ ಕುರ್ಚಿ ಯಾರದು ಎಂಬ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇತ್ತು, ಅವಳ ಮನಸ್ಸಿನಲ್ಲಂತೂ ಬೇರೇನೂ ಇರಲಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಇದುವರೆಗೆ ಒಂದು ಹೆಣ್ಣಿನ ಹೆಸರು ಅಚ್ಚಾದದ್ದಿಲ್ಲ.

ಹೀಗಿರುವಾಗ ಕಚೇರಿಯ ಮಂಡಳಿಯ ಅಧ್ಯಕ್ಷರೇ ಆಗಿದ್ದ ಪ್ರಭುಗಳ ಮನೆಯಿಂದ ತಿದ್ದುಪಡಿಯ ನಮೂನೆ ಬಂತು. ಪ್ರತಿ ಆವೃತ್ತಿಗೆ ಮೊದಲು ಎಲ್ಲ ಮನೆತನಗಳಿಗೂ ಹಳೆಯ ಪುಟದ ಪ್ರತಿ ಕಳಿಸುವುದು, ಮನೆಯ ಯಜಮಾನರು ತಿದ್ದಿ ಸಹಿ ಹಾಕಿ ವಾಪಸು ಕಳಿಸುವುದು ರೂಢಿ. ಈ ಪ್ರತಿಯಲ್ಲಿ ಪ್ರಭುಗಳ ಒಬ್ಬಳೇ ತಂಗಿಯ ಹೆಸರಿನ ಪಕ್ಕದಲ್ಲಿ ಅವರ ಕೈಯಿಂದಲೇ ಒಂದು ಕತ್ತಿ ಬಿದ್ದಿತ್ತು. ಮುಂದೆ ಬರಿಯ ಇಸವಿ, ಹೋದ ವರ್ಷದ್ದು.

ಸಾಕ್ಷಿಯಮ್ಮ ಎದ್ದು ಮರಣವಾರ್ತೆಗಳ ಡ್ರಾಯರ್ ಎಳೆದಳು. ಹೋದ ವರ್ಷದ ಒಂದೊಂದು ಪತ್ರಿಕೆಯ ತುಣುಕನ್ನೂ ಕತ್ತರಿಸಿ ಅಂಟಿಸಿದವಳು ಅವಳೇ. ಈ ಹೆಸರಿರಲಿಲ್ಲ. ಆ ತಂಗಿಯ ಕತೆ ಅವಳಿಗೆ ತಿಳಿದದ್ದೇ. ಮೂವತ್ತು ವರ್ಷದ ಹಿಂದೆ, ಕಟ್ಟುಹಲ್ಲು ಮಾಡುವವನೊಬ್ಬನನ್ನು ಮದುವೆಯಾಗಿ ಮನೆ ಬಿಟ್ಟು ಹೋದವಳು. ಅಪ್ಪ ಬದುಕಿರುವವರೆಗೆ ಅವಳ ಹೆಸರೆತ್ತಕೂಡದು ಎಂದಿದ್ದರು, ಅಪ್ಪನ ನಂತರ ಅಣ್ಣ ಆ ಅಪ್ಪಣೆಯನ್ನು ಇನ್ನಷ್ಟು ಬಿಗಿ ಮಾಡಿದ್ದ. ಆದರೆ ಪುಸ್ತಕದಲ್ಲಿ ಅವಳ ಹೆಸರು ತನ್ನ ಜಾಗದಲ್ಲೇ ಇತ್ತು, ಏಕೆಂದರೆ ಪುಸ್ತಕ ಯಾರನ್ನೂ ಮನೆಯಿಂದ ಹೊರಗೆ ಹಾಕುವುದಿಲ್ಲ.

ಆ ಹೆಸರು ಅಲ್ಲಿರುವುದರ ಬಗ್ಗೆ ವಿಚಾರಿಸುತ್ತಿದ್ದವರು ಒಬ್ಬರೇ, ಪ್ರಭುಗಳ ತಾಯಿ. ಎಲ್ಲರೂ ಹಿರಿಯಮ್ಮನವರು ಎನ್ನುತ್ತಿದ್ದರು. ಎಂಬತ್ತಾರು ವರ್ಷ, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಪ್ರತಿ ಆವೃತ್ತಿ ಬಂದಾಗಲೂ ಸೊಟ್ಟಸೊಟ್ಟ ಅಕ್ಷರದಲ್ಲಿ ಕಚೇರಿಗೆ ಒಂದು ಕಾಗದ ಬರೆದು ಕಳಿಸುತ್ತಿದ್ದರು: ಮಗ ಓದಿ ಹೇಳಿದ್ದಾನೆ, ಆದರೂ ನಿಮ್ಮ ಬಾಯಿಂದ ಕೇಳಿದರೆ ಸಮಾಧಾನ, ನನ್ನ ಮಗಳು ಅವಳ ಸಾಲಿನಲ್ಲಿ ಇದ್ದಾಳೆಯೇ? ಸಾಕ್ಷಿಯಮ್ಮ ಪ್ರತಿ ಸಲವೂ ಒಂದೇ ಸಾಲು ಉತ್ತರಿಸುತ್ತಿದ್ದಳು: ಇದ್ದಾರೆ.

ಅವಳು ನಿಯಮದಂತೆ ತಾರೀಕು, ಊರು ಮತ್ತು ಸಾಕ್ಷಿ ಕೇಳಿ ಪ್ರಭುಗಳಿಗೆ ಬರೆದಳು. ಮೂರನೆಯ ದಿನ ಕಾಗದ ಬರಲಿಲ್ಲ, ಪ್ರಭುಗಳೇ ಬಂದರು. ಸಂಪಾದಕರು ಕೋಣೆ ಬಿಟ್ಟುಕೊಟ್ಟು, ಔಷಧಿ ತರುವ ನೆಪ ಹೇಳಿ ಹೊರಗೆ ಹೋದರು.

ಪ್ರಭುಗಳು ಕೋಪಗೊಳ್ಳಲಿಲ್ಲ. ಕಿಟಕಿಯ ಬಳಿ ನಿಂತು ಕೈಗವಸನ್ನು ಬೆರಳು ಬೆರಳಾಗಿ ಕಳಚುತ್ತಾ ವಿಷಯ ಬಿಡಿಸಿ ಹೇಳಿದರು. ತಾಯಿಗೆ ತವರಿನಿಂದ ಬಂದ ಒಂದು ಬಿರುದಿದೆ. ಅದು ಹೆಣ್ಣುಮಕ್ಕಳದು. ತಾಯಿಯಿಂದ ಮಗಳಿಗೆ, ಮಗಳಿಲ್ಲದಿದ್ದರೆ ಮೊಮ್ಮಗಳಿಗೆ. ತಮ್ಮ ಮಗಳಿಗೆ ದೊಡ್ಡ ಕಡೆಯಿಂದ ಸಂಬಂಧ ಬಂದಿದೆ, ಆ ಬಿರುದಿದ್ದರೆ ಮಾತು ಮುಗಿದಂತೆ. ಆದರೆ ಅದನ್ನು ಮೊಮ್ಮಗಳಿಗೆ ಬರೆದುಕೊಡುವ ಕಾಗದಕ್ಕೆ ತಾಯಿ ಸಹಿ ಹಾಕುತ್ತಿಲ್ಲ. ಮಗಳು ತೀರಿಕೊಂಡಳು ಎಂದರೆ ಮಗನ ಮಾತನ್ನೇ ನಂಬುತ್ತಿಲ್ಲ.

"ಪುಸ್ತಕದಲ್ಲಿ ಬರಲಿ, ಆಗ ನಂಬ್ತೀನಿ ಅಂತಾರೆ. ಪುಸ್ತಕ ಸುಳ್ಳು ಹೇಳಲ್ಲವಂತೆ."

"ಅವರು ನಿಜವಾಗಿ ತೀರಿಕೊಂಡಿದ್ದಾರಾ?" ಎಂದು ಸಾಕ್ಷಿಯಮ್ಮ ಕೇಳಿದಳು.

"ನಮ್ಮ ಪಾಲಿಗೆ ಮೂವತ್ತು ವರ್ಷ ಆಯ್ತು."

"ಹಾಗಾದ್ರೆ ಇದ್ದಾರೆ."

"ನಾನು ಹಾಗೆ ಹೇಳಲಿಲ್ಲ." ಪ್ರಭುಗಳು ಸಂಪಾದಕರ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು, ಅದರ ಚರ್ಮ ಹರಿದಿದ್ದ ಕಡೆ ಬೆರಳಾಡಿಸಿದರು. "ಇವರು ಹೋದಮೇಲೆ ಇಲ್ಲಿ ನಿಮ್ಮನ್ನ ಬಿಟ್ಟು ಬೇರೆ ಯಾರು ಕೂರಬಲ್ಲರು ಅಂತ ಮಂಡಳಿಯಲ್ಲಿ ಕೇಳೋಣ ಅಂತಿದ್ದೀನಿ. ನಿಮ್ಮ ಅಭಿಪ್ರಾಯ ಏನು?"

ಉತ್ತರಕ್ಕೆ ಕಾಯದೆ ಅವರು ಕೈಗವಸು ಹಾಕಿಕೊಂಡು ಹೊರಟರು. ಮಾರನೆಯ ದಿನ ಒಂದು ಚೀಟಿ ಬಂತು, ಅದರಲ್ಲಿ ಒಂದು ತಾರೀಕು. ಊರಿನ ಹೆಸರಿರಲಿಲ್ಲ.

ಆ ಭಾನುವಾರ ಸಾಕ್ಷಿಯಮ್ಮ ಹಳೆಯ ಮದುವೆ ದಾಖಲೆಯಲ್ಲಿದ್ದ ವಿಳಾಸ ಹಿಡಿದು ಬಸ್ಸು ಹತ್ತಿದಳು. ಖಾತ್ರಿ ಮಾಡಿಕೊಳ್ಳಲು ಹೋಗುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ನಿಜ ಹೇಳಬೇಕೆಂದರೆ, ಆ ಹೆಂಗಸು ಸತ್ತಿರಲಿ ಎಂದು ದಾರಿಯುದ್ದಕ್ಕೂ ಅವಳ ಮನಸ್ಸು ಹಂಬಲಿಸುತ್ತಿತ್ತು. ಸತ್ತಿದ್ದರೆ ಎಲ್ಲವೂ ಸಲೀಸು.

ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ, ನೆಲಮಹಡಿಯಲ್ಲಿ ಒಂದು ಕೆಲಸದ ಕೋಣೆ, ಅದರ ಹಿಂದೆ ಮನೆ. ಬಾಗಿಲು ತೆರೆದವಳು ಐವತ್ತು ದಾಟಿದ ಒಬ್ಬ ಗಟ್ಟಿಮುಟ್ಟಾದ ಹೆಂಗಸು. ಮೊಣಕೈವರೆಗೆ ಪ್ಲಾಸ್ಟರ್ ಪುಡಿ, ಬೆರಳಿಗೆ ಗುಲಾಬಿ ಮೇಣ ಮೆತ್ತಿತ್ತು. ಮುಖ ನೋಡಿದ ಕೂಡಲೇ ಸಾಕ್ಷಿಯಮ್ಮನಿಗೆ ಗುರುತು ಸಿಕ್ಕಿತು. ಪ್ರಭುಗಳದ್ದೇ ಹುಬ್ಬು, ಪ್ರಭುಗಳದ್ದೇ ಗದ್ದ, ಆದರೆ ಅದರ ಮೇಲೆ ನಗು ಇತ್ತು.

ಒಳಗೆ ಕೂರಿಸಿ, ಬಂದ ವಿಷಯ ಕೇಳಿ ಆಕೆ ಬೆರಳಿನ ಮೇಣ ಒರೆಸಿಕೊಂಡಳು.

"ಯಾವಾಗ ಸತ್ತೆನಂತೆ?"

"ಹೋದ ವರ್ಷ."

"ಹೋದ ವರ್ಷ ನನಗೆ ಸೊಂಟನೋವು ಬಂದಿತ್ತು, ಅಷ್ಟೇ," ಎಂದು ಆಕೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಒಳಗಿನಿಂದ ಗಂಡನನ್ನು ಕೂಗಿ, ನೋಡಿ, ನೀವು ಒಂದು ವರ್ಷದಿಂದ ವಿಧುರ, ಇನ್ನೂ ಯಾಕೆ ಹೀಗೆ ಹಳೇ ಅಂಗಿಯಲ್ಲಿದ್ದೀರಿ ಎಂದು ಛೇಡಿಸಿದಳು. ಗಂಡ ಸಾಧು ಮನುಷ್ಯ. ಚಹಾ ಮಾಡಿ ತಂದ, ಬಿಸಿ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟ, ಬಂದವಳು ದೂರದಿಂದ ಬಂದಿದ್ದಾಳೆಂದು ಬೇಯಿಸಿದ ಮೊಟ್ಟೆಯನ್ನೂ ಇಟ್ಟ. ಸಾಕ್ಷಿಯಮ್ಮನಿಗೆ ಹಸಿವಾಗಿತ್ತು, ತಿಂದಳು. ಅವಳ ತಟ್ಟೆ ಖಾಲಿಯಾಗುವುದನ್ನೇ ಕಾಯುತ್ತಾ ಯಾರೂ ಎದುರಿಗೆ ನಿಂತಿರದೆ ಅವಳು ಉಂಡು ಬಹಳ ದಿನವಾಗಿತ್ತು.

ಕೋಣೆಯ ಗೋಡೆಗೆ ಉದ್ದಕ್ಕೂ ಹಲಗೆ ಹೊಡೆದು ಪ್ಲಾಸ್ಟರ್ ಅಚ್ಚುಗಳನ್ನು ಸಾಲಾಗಿ ಇಟ್ಟಿದ್ದರು. ನೂರಾರು ಬಾಯಿಗಳು, ಒಂದೊಂದಕ್ಕೂ ಒಂದು ಸಂಖ್ಯೆ. ಹಲ್ಲಿನ ಡಾಕ್ಟರುಗಳು ಕಳಿಸಿದ್ದು, ಹೆಸರು ಬರೆಯುವ ಪದ್ಧತಿಯಿಲ್ಲ ಎಂದು ಗಂಡ ವಿವರಿಸಿದ. ಮೇಜಿನ ಮೇಲೆ ಅರ್ಧ ಜೋಡಿಸಿದ ಒಂದು ಹಲ್ಲಿನ ಸೆಟ್ಟಿತ್ತು. ಆಕೆ ಅದರ ಅಚ್ಚನ್ನು ಕೈಗೆತ್ತಿಕೊಂಡು ಸಾಕ್ಷಿಯಮ್ಮನ ಮುಂದೆ ಹಿಡಿದಳು.

"ಇದು ನಮ್ಮಮ್ಮನ ಬಾಯಿ."

ಹನ್ನೆರಡು ವರ್ಷದ ಹಿಂದೆ ಈ ಬಾಯಿಯ ಅಚ್ಚು ಮೊದಲ ಸಲ ಬಂದಾಗ ಅದರಲ್ಲಿ ಇನ್ನೂ ಆರು ಹಲ್ಲು ಉಳಿದಿದ್ದವಂತೆ. ಮೇಲಿನ ಎಡಗಡೆಯ ಕೋರೆಹಲ್ಲು ಒಂಚೂರು ಒಳಕ್ಕೆ ತಿರುಗಿತ್ತು. ಚಿಕ್ಕವಳಿದ್ದಾಗ ಅಮ್ಮನ ತೊಡೆಯ ಮೇಲೆ ಮಲಗಿ ಆ ಸಂದಿಗೆ ಬೆರಳಿಟ್ಟು ಆಡುತ್ತಿದ್ದವಳಿಗೆ ಅದನ್ನು ಗುರುತಿಸಲು ಹೆಸರು ಬೇಕಾಗಲಿಲ್ಲ. ಆಮೇಲೆ ಎಲ್ಲ ಹಲ್ಲೂ ಹೋದವು. ಆಕೆ ಮಾತ್ರ ಪ್ರತಿ ಸೆಟ್ಟಿನಲ್ಲೂ ಆ ಒಂದು ಹಲ್ಲನ್ನು ಅಷ್ಟೇ ಸೊಟ್ಟಗೆ ಕೂರಿಸುತ್ತಿದ್ದಳು. ಡಾಕ್ಟರು ಒಮ್ಮೆ ಬೈದು, ನೆಟ್ಟಗೆ ಮಾಡಿಕೊಡಿ ಎಂದು ವಾಪಸು ಕಳಿಸಿದ್ದರು. ಎರಡು ದಿನ ಬಿಟ್ಟು ಅವರೇ, ಬೇಡ, ಆ ಮನೆಯ ಅಮ್ಮನವರು ಅದು ಹಾಗೇ ಇರಲಿ ಅಂದರು ಎಂದು ಹೇಳಿಕಳಿಸಿದರು.

"ಕಾಗದ ಬರೆದ್ರೆ ಒಡೆಯದೇ ವಾಪಸು ಬರ್ತಿತ್ತು. ಮೂವತ್ತು ವರ್ಷ. ಹಲ್ಲು ಮಾತ್ರ ವಾಪಸು ಬರಲಿಲ್ಲ," ಎಂದಳು ಆಕೆ. ಆಮೇಲೆ ಅಚ್ಚನ್ನು ಮೇಜಿನ ಮೇಲಿಟ್ಟು, "ಅಮ್ಮ ನನ್ನ ವಿಷಯ ಯಾವತ್ತಾದ್ರೂ ಕೇಳಿದ್ದಾರಾ? ನಿಮಗೆ ಗೊತ್ತಾ?"

ಕೇಳುತ್ತಾರೆ, ಪ್ರತಿ ಐದು ವರ್ಷಕ್ಕೊಮ್ಮೆ ಕೈ ನಡುಗಿಸಿಕೊಂಡು ನನಗೇ ಬರೆದು ಕೇಳುತ್ತಾರೆ ಎಂಬ ಮಾತು ಸಾಕ್ಷಿಯಮ್ಮನ ನಾಲಿಗೆ ತುದಿಯಲ್ಲಿತ್ತು. ಅದನ್ನು ಆಡಿಬಿಟ್ಟರೆ ಇನ್ನು ಹಿಂದೆ ಹೋಗಲು ದಾರಿಯಿಲ್ಲ ಎಂದು ಅವಳಿಗೆ ತಕ್ಷಣ ಹೊಳೆಯಿತು. ನನಗೆ ಗೊತ್ತಿಲ್ಲ ಎಂದಳು.

ಹೊರಡುವ ಮೊದಲು ಆಕೆ ಒಂದು ಹಾಳೆಯಲ್ಲಿ, ನಾನು ಬದುಕಿದ್ದೇನೆ ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿ, ಪಕ್ಕದಲ್ಲಿ ಗಂಡನ ಸಹಿಯನ್ನೂ ಹಾಕಿಸಿ ಕೊಟ್ಟಳು. ಬಾಗಿಲವರೆಗೆ ಬಂದು, ಅಮ್ಮನನ್ನು ನೋಡುವ ಸಂದರ್ಭ ಬಂದರೆ ಒಂದು ಮಾತು ತಲುಪಿಸುತ್ತೀರಾ ಎಂದು ಕೇಳಿದಳು.

"ಏನಂತ ಹೇಳಲಿ?"

"ಇದ್ದೀನಿ ಅಂತ ಹೇಳಿ. ಅಷ್ಟು ಸಾಕು. ಚುಕ್ಕಿ ಇದ್ದಾಳೆ ಅನ್ನಿ, ಅಮ್ಮ ನನ್ನ ಕರೀತಿದ್ದದ್ದು ಹಾಗೆ."

ಸಾಕ್ಷಿಯಮ್ಮ ಆಗಲಿ ಎಂದಳು.

ಅವಳು ಆ ಹಾಳೆಯನ್ನು ಹರಿದು ಹಾಕಲಿಲ್ಲ. ಆ ಕಚೇರಿಯಲ್ಲಿ ಕಾಗದ ಹರಿಯುವ ಅಭ್ಯಾಸವೇ ಇಲ್ಲ. ಸೋಮವಾರ ಬೆಳಿಗ್ಗೆ ಅದಕ್ಕೆ ಸಂಖ್ಯೆ ಹಾಕಿ, ಆ ಮನೆತನದ ಲಕೋಟೆಯಲ್ಲಿ ಎಲ್ಲಕ್ಕಿಂತ ಕೆಳಗೆ ಸೇರಿಸಿದಳು. ಆಮೇಲೆ ಆರು ದಿನ ಬೇರೆ ಬೇರೆ ಮನೆತನಗಳ ಪುಟ ನೋಡಿದಳು. ಏಳನೆಯ ದಿನ ಆ ಪುಟದ ಪ್ರೂಫ್ ಮೇಜಿಗೆ ಬಂತು.

ಅವಳು ಯಾರನ್ನೂ ದ್ವೇಷಿಸಿ ಆ ಕೆಲಸ ಮಾಡಲಿಲ್ಲ. ಯೋಚಿಸಿ ಯೋಚಿಸಿಯೇ ಮಾಡಿದಳು. ಆ ಹೆಂಗಸಿಗೆ ಬಿರುದು ಬೇಕಿಲ್ಲ, ವಿಷಯ ಕೇಳಿ ನಕ್ಕಳಲ್ಲ. ಆ ಗಲ್ಲಿಯಲ್ಲಿ ಈ ಪುಸ್ತಕವನ್ನು ಯಾರೂ ಕೊಳ್ಳುವುದಿಲ್ಲ. ಹಿರಿಯಮ್ಮನವರು ಇನ್ನೆಷ್ಟು ದಿನ. ಆ ಹೆಂಗಸಿಗೆ ಗಂಡನಿದ್ದಾನೆ, ಬೆಣ್ಣೆ ಸವರಿದ ಬ್ರೆಡ್ಡಿದೆ, ಕರೆಯಲು ಪ್ರೀತಿಯ ಒಂದು ಹೆಸರೂ ಇದೆ, ನನಗೇನಿದೆ ಎಂಬ ಯೋಚನೆ ಕೊನೆಗೆ ಬಂತು. ಕೈ ಗಟ್ಟಿಯಾಗಿ ನಿಂತದ್ದು ಆ ಯೋಚನೆ ಬಂದಮೇಲೆಯೇ. ಕೆಂಪು ಶಾಯಿಯಲ್ಲಿ ಕತ್ತಿ ಹಾಕಿ, ಚೀಟಿಯಲ್ಲಿದ್ದ ತಾರೀಕು ಬರೆದಳು. ಊರು ಬೇಕಿತ್ತಲ್ಲ, ದೂರದ ಒಂದು ಸಮುದ್ರತೀರದ ಊರಿನ ಹೆಸರನ್ನು ತಾನೇ ಆರಿಸಿ ಸೇರಿಸಿದಳು. ಸಾಕ್ಷಿಗಳ ದಫ್ತರಿನಲ್ಲಿ ಎರಡು ಕಾಗದಗಳ ಸಂಖ್ಯೆ ಬರೆಯಬೇಕಾದಲ್ಲಿ, "ಸ್ವತಃ ಹೋಗಿ ಪರಿಶೀಲಿಸಿದೆ" ಎಂದು ಬರೆದು ಸಹಿ ಹಾಕಿದಳು.

ಅಚ್ಚುಮೊಳೆ ಜೋಡಿಸುವ ಮುದುಕ ಪ್ರೂಫ್ ಒಯ್ಯಲು ಬಂದವನು ಆ ಸಾಲನ್ನು ನೋಡಿ ನಿಂತ. ಅವನಿಗೆ ಅವಳನ್ನು ಕೆಣಕುವುದೆಂದರೆ ಇಷ್ಟ.

"ಸಾಕ್ಷಿ ಎಲ್ಲಿ, ಸಾಕ್ಷಿಯಮ್ಮ?"

"ನಾನೇ," ಎಂದಳು. ಮುದುಕ ನಗುತ್ತಾ ಹೋದ.

ಪುಸ್ತಕ ಅಚ್ಚಾಗಿ ರಟ್ಟು ಕಟ್ಟುವ ಹೊತ್ತಿಗೆ ನಾಲ್ಕು ತಿಂಗಳಾಯಿತು. ಮೊದಲ ಪ್ರತಿ ಕೈಗೆ ಬಂದ ದಿನವೇ ಪ್ರಭುಗಳ ಮನೆಯಿಂದ ಕಾರು ಬಂತು. ತಾಯಿ ಮಗನ ಬಾಯಿಂದ ಓದಿಸಿಕೊಳ್ಳಲು ಒಪ್ಪುತ್ತಿಲ್ಲ, ಇಷ್ಟು ವರ್ಷ ತನಗೆ ಉತ್ತರ ಬರೆಯುತ್ತಿದ್ದ ಆ ಹೆಣ್ಣುಮಗಳೇ ಬಂದು ಓದಲಿ ಎಂದಿದ್ದಾರೆ ಎಂದು ಚಾಲಕ ಹೇಳಿದ. ಸಾಕ್ಷಿಯಮ್ಮನಿಗೆ ಇದು ಗೊತ್ತಿರಲಿಲ್ಲ. ಕತ್ತಿ ಹಾಕುವುದು ಕಾಗದದ ಮೇಲಿನ ಕೆಲಸ ಎಂದಷ್ಟೇ ಅಂದುಕೊಂಡಿದ್ದಳು. ಆದರೂ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಾರು ಹತ್ತಿದಳು.

ಹಿರಿಯಮ್ಮನವರು ಕಿಟಕಿಯ ಪಕ್ಕ ಎತ್ತರದ ಕುರ್ಚಿಯಲ್ಲಿ ಕುಳಿತಿದ್ದರು. ಇಷ್ಟೇ ಇಷ್ಟು ದೇಹ, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬಿಸಿಲಿಗೆ ಮುಖ ಒಡ್ಡಿದ್ದರು. ಪ್ರಭುಗಳು ಬಾಗಿಲ ಬಳಿ ನಿಂತರು, ಅವರ ಕೈಯಲ್ಲಿ ಸಹಿಯ ಕಾಗದ ಸಿದ್ಧವಾಗಿತ್ತು. ಮುದುಕಿ ಸಾಕ್ಷಿಯಮ್ಮನ ಕೈ ಹುಡುಕಿ ಹಿಡಿದುಕೊಂಡು ಹತ್ತಿರ ಕೂರಿಸಿಕೊಂಡರು. ನಗುವಾಗ ಎಡಗಡೆಯ ಕೋರೆಹಲ್ಲು ಒಳಕ್ಕೆ ತಿರುಗಿದ್ದು ಕಾಣಿಸಿತು.

ಸಾಕ್ಷಿಯಮ್ಮ ಪುಟ ತೆರೆದು ಮೊದಲಿನಿಂದ ಓದಿದಳು. ಮನೆತನದ ಮೂಲಪುರುಷ, ಲಾಂಛನ, ಹನ್ನೊಂದು ಪ್ರಭುಗಳು, ಮದುವೆಗಳು. ಮುದುಕಿ ಕಣ್ಣು ಮುಚ್ಚಿ, ತುಟಿ ಆಡಿಸುತ್ತಾ ಜೊತೆಗೂಡಿದರು, ಅವರಿಗೆ ಎಲ್ಲ ಕಂಠಪಾಠ. ಮಗಳ ಸಾಲು ಬಂದಾಗ ಸಾಕ್ಷಿಯಮ್ಮನ ಸ್ವರ ಏರಲೂ ಇಲ್ಲ, ಇಳಿಯಲೂ ಇಲ್ಲ. ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ, ಊರು.

ಮುದುಕಿಯ ತುಟಿ ನಿಂತಿತು.

"ನೀನೇ ವಿಚಾರಿಸಿದ್ಯೇನಮ್ಮ?"

"ನಾನೇ ಹೋಗಿದ್ದೆ."

"ಅವಳ ಮನೆಗೆ?"

"ಹೌದು. ಅವರ ಯಜಮಾನರನ್ನ ನೋಡಿದೆ. ಒಳ್ಳೆಯವರು."

ಮುದುಕಿ ಒಂದೊಂದಾಗಿ ಕೇಳತೊಡಗಿದರು. ಮನೆ ಹೇಗಿತ್ತು, ಬೆಳಕಿತ್ತೇ, ಅವನು ಅವಳನ್ನು ಚೆನ್ನಾಗಿ ನೋಡಿಕೊಂಡನೇ. ಸಾಕ್ಷಿಯಮ್ಮ ತಾನು ಕಂಡದ್ದನ್ನೆಲ್ಲ ಹೇಳಿದಳು. ಬೆಳಕಿನ ಕೋಣೆ, ಕೈತುಂಬ ಕೆಲಸ, ಬಂದವರಿಗೆ ತಿನ್ನಲು ಕೊಡದೆ ಕಳಿಸುವವರಲ್ಲ, ಗಂಡನನ್ನು ಛೇಡಿಸುತ್ತಾ ನಗುವ ಸ್ವಭಾವ. ಒಂದು ಮಾತೂ ಸುಳ್ಳಲ್ಲ. ಎಲ್ಲದರ ಕೊನೆಗೂ "ಇದ್ದರಂತೆ" ಎಂದು ಸೇರಿಸಿದಳು, ಅಷ್ಟೇ.

"ನಗುವಾಗ ಬಾಯಿ ಮುಚ್ಚಿಕೊಳ್ತಿದ್ದಳಂತಾ?"

"ಹೌದಂತೆ."

ಮುದುಕಿ ತಲೆಯಾಡಿಸಿದರು. ಬಾಗಿಲ ಬಳಿ ಪ್ರಭುಗಳು ಕಾಗದವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ ಸದ್ದು ಕೇಳಿಸಿತು.

"ಒಂದು ಹುಚ್ಚು ಮಾತು ಹೇಳ್ತೀನಿ, ನಗಬೇಡ," ಎಂದರು ಮುದುಕಿ. "ನನ್ನ ಹಲ್ಲು ಯಾರು ಮಾಡ್ತಾರೋ ಗೊತ್ತಿಲ್ಲ. ನನ್ನ ಕೋರೆಹಲ್ಲು ಹೇಗೆ ಸೊಟ್ಟಗಿತ್ತೋ ಹಾಗೇ ಕೂರಿಸ್ತಾರೆ. ಅಳಿಯನದೂ ಅದೇ ಕಸುಬಲ್ವಾ. ಅವಳೇ ಮಾಡಿ ಕಳಿಸ್ತಾಳೆ ಅಂದ್ಕೊಂಡು ಇಷ್ಟು ವರ್ಷ ಹಾಕ್ಕೊಂಡೆ." ಬೆರಳುಗಳ ಮೇಲೆ ಏನೋ ಎಣಿಸಿದರು. "ಈ ಸೆಟ್ಟು ಬಂದು ಇನ್ನೂ ಮೂರು ತಿಂಗಳು. ಅವಳು ಹೋಗಿ ವರ್ಷ ಕಳೀತು. ಹಾಗಾದ್ರೆ ಇನ್ಯಾರೋ."

ಆಗ ಹೇಳಬಹುದಿತ್ತು. ಪ್ರಭುಗಳು ಅಡ್ಡ ಬರುವ ಮೊದಲು ಆಡಿ ಮುಗಿಸಬಹುದಾದಷ್ಟು ಚಿಕ್ಕ ಮಾತು, ಇದ್ದಾಳೆ ಎಂಬ ಒಂದೇ ಪದ. ಸಾಕ್ಷಿಯಮ್ಮ ಬಾಗಿಲ ಕಡೆ ನೋಡಿದಳು. ಪ್ರಭುಗಳು ಅವಳನ್ನೇ ನೋಡುತ್ತಿದ್ದರು, ಬೆದರಿಕೆಯಿಂದಲ್ಲ, ಸ್ವಲ್ಪ ಕುತೂಹಲದಿಂದ.

"ಇನ್ಯಾರೋ ಇರಬೇಕು," ಎಂದಳು ಅವಳು.

ಮುದುಕಿ ಅವಳ ಕೈ ತಟ್ಟಿ, ಇಷ್ಟು ದೂರ ಬಂದದ್ದಕ್ಕೆ ಉಪಕಾರವಾಯಿತು ಎಂದರು. ಮಗ ಮುಂದೆ ಹಿಡಿದ ಕಾಗದಕ್ಕೆ, ಅವನು ಬೆರಳಿಟ್ಟು ತೋರಿಸಿದ ಕಡೆ, ಸಹಿ ಹಾಕಿದರು. ಅದಾದಮೇಲೆ ಎರಡು ಬೆರಳು ಬಾಯೊಳಗೆ ಹಾಕಿ ಹಲ್ಲಿನ ಸೆಟ್ಟನ್ನು ಮೆಲ್ಲಗೆ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಕಿಟಕಿಯ ಅಂಚಿನಲ್ಲಿಟ್ಟರು. ಹಲ್ಲಿಲ್ಲದ ಮುಖ ಒಳಕ್ಕೆ ಕುಸಿಯಿತು. ಸಾಕ್ಷಿಯಮ್ಮನನ್ನು ಬಿಡಲು ಅದೇ ಕಾರು ಹೊರಟಿತು.

ಮುಂದಿನ ತಿಂಗಳು ಸಂಪಾದಕರು ನಿವೃತ್ತರಾದರು, ಮಂಡಳಿ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿತು. ಪ್ರಭುಗಳು ಕೊಟ್ಟ ಮಾತಿಗೆ ತಪ್ಪುವವರಲ್ಲ. ಹೊಸ ಸಂಪಾದಕಿಯ ಹೆಸರಿರುವ ಮೊದಲ ಹಾಳೆಯನ್ನು ಬೇರೆಯಾಗಿ ಅಚ್ಚು ಮಾಡಿಸಿ, ಮಾರಾಟವಾಗದೆ ಉಳಿದ ಪ್ರತಿಗಳಿಗೆಲ್ಲ ಸೇರಿಸಿದರು.

ಆ ಕೋಣೆಗೆ ಬಂದ ಎರಡನೆಯ ವಾರವೇ, ಮಧ್ಯಾಹ್ನದ ಹೊತ್ತು, ಚುಕ್ಕಿ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು, ಕೈ ತೊಳೆದು ಬಂದಿದ್ದಳು, ಆದರೂ ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಇತ್ತು. ಜಗಳಕ್ಕೆ ಬಂದಿದ್ದಾಳೆಂದು ಸಾಕ್ಷಿಯಮ್ಮ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಆಕೆ ಜಗಳಕ್ಕೆ ಬಂದಿರಲಿಲ್ಲ.

"ಅಮ್ಮ ಹೋಗಿಬಿಟ್ರಾ? ನಿಮಗೆ ಸುದ್ದಿ ಬಂದಿರುತ್ತಲ್ಲ, ಅದಕ್ಕೆ ಕೇಳೋಣ ಅಂತ ಬಂದೆ."

ಹಲ್ಲಿನ ಡಾಕ್ಟರು ಅಚ್ಚನ್ನು ತೆಗೆದುಬಿಡಿ ಎಂದು ಹೇಳಿಕಳಿಸಿದ್ದರಂತೆ. ಆ ಮನೆಯ ಅಮ್ಮನವರು ಇನ್ನು ಹಲ್ಲು ಹಾಕಿಕೊಳ್ಳುವುದಿಲ್ಲ, ಸೆಟ್ಟು ಮಾಡುವ ಅಗತ್ಯವಿಲ್ಲ ಎಂದಷ್ಟೇ ಹೇಳಿದರಂತೆ. ಪತ್ರಿಕೆಯಲ್ಲಿ ಏನೂ ಬಂದಿಲ್ಲ, ಆದರೂ ಮನಸ್ಸು ತಡೆಯಲಿಲ್ಲ.

"ಇಲ್ಲ, ಇದ್ದಾರೆ," ಎಂದಳು ಸಾಕ್ಷಿಯಮ್ಮ.

ಚುಕ್ಕಿ ಎದೆಯ ಮೇಲೆ ಕೈಯಿಟ್ಟು ಕುರ್ಚಿಯಲ್ಲಿ ಕುಳಿತಳು, ಕಣ್ಣೊರೆಸಿಕೊಂಡಳು. ಆ ಸಮಾಧಾನದಲ್ಲಿ ಸುತ್ತ ನೋಡಿದವಳಿಗೆ ಮೇಜಿನ ಮೇಲಿದ್ದ ಹೊಸ ಪುಸ್ತಕ ಕಂಡಿತು. ಇದರಲ್ಲೇನಾ ನಮ್ಮ ಮನೆಯ ಪುಟ, ನನ್ನ ಕಾಗದ ಉಪಯೋಗಕ್ಕೆ ಬಂತಾ ಎಂದು ಕೇಳುತ್ತಲೇ ತೆರೆದಳು. ಸಾಕ್ಷಿಯಮ್ಮ ತಡೆಯಲಿಲ್ಲ. ಪುಟ ಹುಡುಕಲು ಆಕೆಗೆ ಸ್ವಲ್ಪ ಸಮಯ ಹಿಡಿಯಿತು.

"ನಾನು ಈ ಊರು ನೋಡೇ ಇಲ್ಲ," ಎಂದಳು ಕೊನೆಗೆ. ಮತ್ತೆ ಓದಿದಳು. "ಅಮ್ಮನಿಗೆ ಇದನ್ನ ಯಾರಾದ್ರೂ ಓದಿ ಹೇಳಿದ್ರಾ?"

"ನಾನೇ ಓದಿದೆ."

ಚುಕ್ಕಿ ತಲೆ ಎತ್ತಿ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಏನೂ ಅರ್ಥವಾಗದವರ ಗೊಂದಲವಿತ್ತು. ನಿಮ್ಮನ್ನು ಮನೆಯೊಳಗೆ ಕೂರಿಸಿ ಊಟ ಹಾಕಿದೆನಲ್ಲ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ.

"ಬಿರುದು ಗಿರುದು ನನಗೆ ಬೇಡ. ಈಗಲೇ ಹೋಗಿ ಅಮ್ಮನಿಗೆ ಒಂದು ಮಾತು ಹೇಳಿ. ನಾನು ಹೋದ್ರೆ ಗೇಟಿನಲ್ಲೇ ತಳ್ತಾರೆ. ನಿಮ್ಮನ್ನ ಬಿಡ್ತಾರೆ."

ಅಚ್ಚಾದದ್ದನ್ನು ತಿದ್ದಬೇಕಾದರೆ ಅದಕ್ಕೊಂದು ನಮೂನೆಯಿದೆ, ಅದಕ್ಕೆ ಮನೆಯ ಯಜಮಾನರ ಸಹಿ ಬೇಕು, ಮುಂದಿನ ಆವೃತ್ತಿ ಐದು ವರ್ಷಕ್ಕೆ ಎಂದು ಸಾಕ್ಷಿಯಮ್ಮ ವಿವರಿಸತೊಡಗಿದಳು. ತನ್ನ ಸ್ವರ ತನಗೇ ಬೇರೆ ಯಾರದ್ದೋ ಎನಿಸಿತು, ಆದರೂ ನಿಲ್ಲಿಸಲಾಗಲಿಲ್ಲ. ಚುಕ್ಕಿ ಅರ್ಧ ಕೇಳಿ ಎದ್ದು, ಪುಸ್ತಕವನ್ನು ಮುಚ್ಚಿ, ಎಲ್ಲಿತ್ತೋ ಅಲ್ಲೇ ಇಟ್ಟು ಹೋದಳು. ನೇರ ಆ ಮನೆಯ ಗೇಟಿಗೇ ಹೋಗಿ, ಸಂಜೆಯವರೆಗೆ ನಿಂತು, ಅಲ್ಲಿಂದ ತಳ್ಳಿಸಿಕೊಂಡಳೆಂದು ಆಮೇಲೆ ತಿಳಿಯಿತು. ಕಾವಲುಗಾರ, ಈ ಮನೆಯ ಮಗಳು ಸತ್ತು ವರ್ಷವಾಯಿತು, ನೀನ್ಯಾರು ಎಂದು ಕೇಳಿದನಂತೆ.

ಸಾಕ್ಷಿಯಮ್ಮ ಮೂರು ದಿನ ತಡೆದು, ನಾಲ್ಕನೆಯ ದಿನ ಬೆಳಿಗ್ಗೆ ಏನಾದರಾಗಲಿ ಎಂದು ತಾನೂ ಆ ಮನೆಗೆ ಹೋದಳು. ಹಿರಿಯಮ್ಮನವರು ಯಾರನ್ನೂ ನೋಡುವುದಿಲ್ಲ, ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನೂ ಮುಟ್ಟುತ್ತಿಲ್ಲ, ಪ್ರಭುಗಳು ಊರಲ್ಲಿಲ್ಲ, ಅವರ ಅಪ್ಪಣೆಯಿಲ್ಲದೆ ಬಿಡುವಂತಿಲ್ಲ ಎಂದು ಕಾವಲುಗಾರ ಹೇಳಿದ. ಆದರೆ ಅವಳನ್ನು ಅವನು ಗುರುತು ಹಿಡಿದಿದ್ದ, ಸಂಪಾದಕಿಯವರು ಬೇಕಾದರೆ ಕಾಯಬಹುದು, ಮಧ್ಯಾಹ್ನದ ಮೇಲೆ ದಾದಿ ಹೊರಗೆ ಬಂದಾಗ ಕೇಳಿ ನೋಡುತ್ತೇನೆ ಎಂದು ಕುರ್ಚಿ ಹಾಕಿಕೊಟ್ಟ. ಅವಳು ಕುಳಿತಳು. ಎರಡು ಗಂಟೆಗೆ ಮಂಡಳಿಯ ಸಭೆಯಿತ್ತು, ಸಂಪಾದಕಿಯಾಗಿ ಅವಳ ಮೊದಲ ಸಭೆ. ಒಂದೂವರೆಯವರೆಗೆ ಗಡಿಯಾರ ನೋಡುತ್ತಾ ಕಾದಳು. ಆಮೇಲೆ ಎದ್ದು, ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಬಸ್ಸು ಹಿಡಿದಳು. ಸಭೆಗೆ ಸರಿಯಾದ ಹೊತ್ತಿಗೆ ತಲುಪಿದಳು.

ಇನ್ನೊಂದು ದಿನ ಬರಲಿಲ್ಲ. ಅದಾಗಿ ಒಂಬತ್ತನೆಯ ದಿನ ಹಿರಿಯಮ್ಮನವರು ತೀರಿಕೊಂಡರು.

ಅಂತ್ಯಕ್ರಿಯೆಗೆ ಬಿರುದುಳ್ಳ ಮನೆತನಗಳೆಲ್ಲ ಬಂದಿದ್ದವು. ಯಾರು ಯಾರ ಹಿಂದೆ ನಡೆಯಬೇಕೆಂಬ ಪಟ್ಟಿಯನ್ನು ಸಾಕ್ಷಿಯಮ್ಮನೇ ಸಿದ್ಧಮಾಡಿ ಕೊಟ್ಟಿದ್ದಳು, ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಅವಳಿಗೆ ಮೂರನೆಯ ಸಾಲಿನಲ್ಲಿ ಜಾಗ ಕೊಟ್ಟಿದ್ದರು. ಬಿರುದು ಪಡೆದ ಮೊಮ್ಮಗಳು ಎಲ್ಲರಿಗಿಂತ ಮುಂದೆ ಇದ್ದಳು. ರಸ್ತೆಯ ಆಚೆ ಬದಿಯಲ್ಲಿ, ಕಬ್ಬಿಣದ ಬೇಲಿಯ ಹೊರಗೆ, ನೋಡಲು ನಿಂತ ಜನರ ನಡುವೆ ಒಬ್ಬ ಗಂಡಸು ಒಬ್ಬ ಹೆಂಗಸಿನ ಭುಜ ಹಿಡಿದು ನಿಂತಿದ್ದ. ಹೆಂಗಸು ಒಳಗೆ ಬರಲು ಪ್ರಯತ್ನಿಸಲಿಲ್ಲ, ಅಳುವ ಸದ್ದೂ ಇರಲಿಲ್ಲ. ಸಾಕ್ಷಿಯಮ್ಮ ಅವರನ್ನು ಕಂಡಳು.

ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬಳು, ಯಾವುದೋ ಸಣ್ಣ ಬಿರುದಿನವಳು, ಅವಳ ಕಿವಿಯ ಹತ್ತಿರ ಬಾಗಿದಳು.

"ಇವರಿಗೆ ಮಗನೊಬ್ಬನೇ ಅಲ್ವಾ? ಬೇರೆ ಮಕ್ಕಳಿರಲಿಲ್ವಾ?"

"ಒಬ್ಬಳು ಮಗಳಿದ್ದಳು," ಎಂದಳು ಸಾಕ್ಷಿಯಮ್ಮ. "ತೀರಿಕೊಂಡಳು."

"ಅಯ್ಯೋ ಪಾಪ," ಎಂದಳು ಆ ಹೆಂಗಸು. ಮೆರವಣಿಗೆ ಮುಂದೆ ಸರಿಯಿತು. ಮೆಟ್ಟಿಲು ಒದ್ದೆಯಾಗಿದ್ದರಿಂದ ಆಕೆ ಸಾಕ್ಷಿಯಮ್ಮನ ತೋಳು ಹಿಡಿದುಕೊಂಡಳು, ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದು, ತಮ್ಮ ಸಾಲಿನಲ್ಲಿ ತಮ್ಮ ಜಾಗ ಬಿಡದಂತೆ ನಡೆದರು.